ಮನೆ ಕೇಳ್ಕೊಂಡು ಬಂದವ್ರಿಗೆ ಮೊದ್ಲು ಕಾರ್ ರಿಪೇರಿ

ಚಿಕಾಗೋ ಪಶ್ಚಿಮದ ಸಬರ್ಬ್‌ಗಳಲ್ಲಿ ಮನೆ ಕಳ್ಕೊಂಡ ಫ್ಯಾಮಿಲಿಗಳಿಗೆ ಮತ್ತೆ ಮನೆ ಮಾಡಿಕೊಡೋ ಒಂದು ಸಂಸ್ಥೆಲಿ ನಾನು ಕೇಸ್ ಮ್ಯಾನೇಜರ್. ಕನ್ನಡ ಕೂಟದ ಊಟದಲ್ಲಿ ಯಾರಿಗಾದ್ರೂ ಇದನ್ನ ಹೇಳಿದ್ರೆ "ಏನ್ರೀ, ನೇಪರ್‌ವಿಲ್ಲಲ್ಲಿ ಹೋಮ್‌ಲೆಸ್ಸಾ?" ಅಂತಾರೆ. ಕಣ್ಣಿಗೆ ಬೀಳಲ್ಲ ಅಷ್ಟೇ. ಇಲ್ಲಿ ಫುಟ್‌ಪಾತಲ್ಲಿ ಯಾರೂ ಮಲ್ಗಲ್ಲ, ಅಕ್ಕನ ಮನೆ ಬೇಸ್‌ಮೆಂಟಲ್ಲೋ ವಾರದ ಬಾಡಿಗೆ ಮೋಟೆಲಲ್ಲೋ ಕಾರಲ್ಲೋ ಇರ್ತಾರೆ, ಬೆಳಗ್ಗೆ ಅವ್ರ ಮಕ್ಕಳು ನಿಮ್ಮ ಮಕ್ಕಳ ಪಕ್ಕದಲ್ಲೇ ಕ್ಲಾಸಲ್ಲಿ ಕೂತಿರ್ತಾರೆ. ಮನೆ ಇಲ್ದೋರನ್ನ ಒಂದು ರಾತ್ರಿ ಲೆಕ್ಕ ಹಾಕೋ 2024ರ ಜನವರಿ ಎಣಿಕೆಲಿ ಅಮೆರಿಕದಲ್ಲಿ 7,71,480 ಜನ ಸಿಕ್ಕಿದ್ರು, ಆ ಲೆಕ್ಕದಲ್ಲಿ ಬೇಸ್‌ಮೆಂಟಿನೋರು ಇಲ್ಲವೇ ಇಲ್ಲ, ಸ್ವಂತ ದುಡ್ಡಲ್ಲಿ ಮೋಟೆಲಲ್ಲಿರೋರೂ ಇಲ್ಲ.

ಸೇರಿದ ಹೊಸದ್ರಲ್ಲಿ ನಮ್ಮ ಸೂಪರ್‌ವೈಸರ್ ಹೇಳ್ಕೊಟ್ಟಿದ್ದು ಒಂದೇ, ಫಾರ್ಮ್ ತುಂಬ್ಸೋಕೆ ಮುಂಚೆ ಹೊರಗೆ ಹೋಗಿ ಅವ್ರ ಕಾರ್ ನೋಡ್ಕೊಂಡು ಬಾ ಅಂತ. ಆಗ ನಂಗೆ ಇದೇನು ವಿಚಿತ್ರ ಅನ್ಸಿತ್ತು.

ಆಮೇಲೆ ಒಬ್ರು ತಾಯಿ ಬಂದ್ರು, ಇಬ್ರು ಮಕ್ಕಳು, ಮೋಟೆಲಲ್ಲಿದ್ರು, ರಾತ್ರಿ ಪಾಳಿ ಬೋಲಿಂಗ್‌ಬ್ರೂಕ್ ಕಡೆ ವೇರ್‌ಹೌಸಲ್ಲಿ. ಮಿನಿವ್ಯಾನ್ ಹಿಂದಿನ ಸೀಟ್ ಮಡಚಿ ಬಟ್ಟೆ ಚೀಲ, ಮೈಕ್ರೋವೇವ್, ಸ್ಕೂಲ್ ಪ್ರಾಜೆಕ್ಟ್ ಬೋರ್ಡು ಎಲ್ಲಾ ನೀಟಾಗಿ ಜೋಡ್ಸಿದ್ರು. ಡ್ಯಾಶ್‌ಬೋರ್ಡಲ್ಲಿ ಬ್ಯಾಟರಿ ಲೈಟ್ ಉರೀತಿತ್ತು. ಎಷ್ಟು ದಿನದಿಂದ ಅಂತ ಕೇಳಿದ್ರೆ "ಮನೆ ಸಿಕ್ಕಿದ್ಮೇಲೆ ಮಾಡಿಸ್ತೀನಿ" ಅಂದ್ರು.

ಇಲ್ಲೇ ಇರೋದು ವಿಷ್ಯ. ಮಕ್ಕಳಿಗೇನೋ ಮೆಕಿನ್ನಿ-ವೆಂಟೋ ಕಾನೂನಿದೆ, 1987ರದ್ದು, ಮೋಟೆಲಲ್ಲಿದ್ರೂ ಹಳೇ ಸ್ಕೂಲಲ್ಲೇ ಓದ್ಬಹುದು, ಓಡಾಟದ ವ್ಯವಸ್ಥೆ ಸ್ಕೂಲ್ ಡಿಸ್ಟ್ರಿಕ್ಟೇ ಮಾಡ್ಬೇಕು. ಆದ್ರೆ ರಾತ್ರಿ ಪಾಳಿ ಮುಗ್ಸಿ ಬರೋ ಅಮ್ಮನಿಗೆ ಯಾವ ಬಸ್ಸೂ ಇಲ್ಲ, ಸಬರ್ಬ್‌ಗಳಲ್ಲಿ ಓಡೋ ಪೇಸ್ ಬಸ್ಸು ಎಷ್ಟೋ ರೂಟಲ್ಲಿ ಸಂಜೆಗೇ ಮುಗಿಯುತ್ತೆ. ಕಾರ್ ಕೈಕೊಟ್ರೆ ಎರಡು ಮೂರು ಪಾಳಿ ತಪ್ಪತ್ತೆ, ಕೆಲಸ ಹೋಗತ್ತೆ, ಇತ್ತ ಮನೆ ಓನರ್ ಕೇಳೋದು ಬಾಡಿಗೆಯ ಮೂರು ಪಟ್ಟು ಸಂಬಳ ಮತ್ತೆ ಬಿಟ್ಟೂಬಿಡದೆ ಬಂದಿರೋ ಪೇ ಸ್ಟಬ್, ಅಂದ್ರೆ ಸಂಬಳದ ಚೀಟಿ. ಜೊತೆಗೆ ಹಳೇ ಎವಿಕ್ಷನ್ ಕೇಸೂ, ಅಂದ್ರೆ ಮನೆ ಖಾಲಿ ಮಾಡ್ಸೋ ಕೇಸೂ, ಎಷ್ಟೋ ಜನರ ಹೆಸರಿಗೆ ಅಂಟ್ಕೊಂಡಿರುತ್ತೆ (ಇಲಿನಾಯಲ್ಲಿ ಬಾಡಿಗೆ ಬಾಕಿಗೆ 5 ದಿನದ ನೋಟಿಸ್ ಸಾಕು, ಆಮೇಲೆ ಕೋರ್ಟಿಗೆ ಹೋಗ್ಬಹುದು), ಅಂಥೋರ ಹತ್ರ ತೋರ್ಸೋಕೆ ಉಳಿಯೋದು ಆ ಸ್ಟಬ್ ಒಂದೇ.

ದುಡ್ಡಿನ ರೂಲ್ ಕೇಳಿದ್ರೆ ನಗ್ತೀರ. ಫೆಡರಲ್ ಗ್ರಾಂಟಲ್ಲಿ ಕಾರ್ ರಿಪೇರಿಗೆ ಕೊಡ್ಬಹುದು, ಒಂದೇ ಸಲ, ಅದೂ ಬ್ಲೂ ಬುಕ್ ಬೆಲೆಯ (ಹಳೇ ಗಾಡಿಗೆ ಮಾರ್ಕೆಟಲ್ಲಿ ಎಷ್ಟು ಅಂತ ಹೇಳೋ ಪಟ್ಟಿ) 10 ಪರ್ಸೆಂಟ್ ಮೀರೋ ಹಾಗಿಲ್ಲ. ಎರಡು ಸಾವಿರ ಡಾಲರಿನ ಗಾಡಿಗೆ ಇನ್ನೂರು! ಕಾರ್ ಎಷ್ಟು ಹಳೇದೋ ಅಷ್ಟು ಕೆಡುತ್ತೆ, ಅಷ್ಟೇ ಕಮ್ಮಿ ದುಡ್ಡು ಸಿಗುತ್ತೆ, ಇದನ್ನ ಬರೆದೋರು ಹಳೇ ಗಾಡಿ ಓಡ್ಸಿರಲಿಕ್ಕಿಲ್ಲ. ಆ ತಾಯಿಯ ವ್ಯಾನಲ್ಲಿ ಕೆಟ್ಟಿದ್ದು ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್, ಅದಕ್ಕೆ ಬೇಕಿದ್ದ ಮಿಕ್ಕ ದುಡ್ಡನ್ನ ಟೌನ್‌ಶಿಪ್ ಆಫೀಸು, ಒಂದು ಚರ್ಚು ಅಂತ ಹೊಂದ್ಸಿದ್ವಿ. ಅವ್ರ ಕೆಲಸ ನಿಲ್ಲಲಿಲ್ಲ, ಡೆಪಾಸಿಟ್ ನಾವು ಕಟ್ಟಿದ್ವಿ, ಸ್ಟಬ್ ನೋಡಿ ಓನರ್ ಲೀಸ್ ಕೊಟ್ರು, ಮೊದ್ಲ ಕೆಲವು ತಿಂಗಳ ಬಾಡಿಗೆಲಿ ನಮ್ಮದೂ ಪಾಲಿತ್ತು.

ನಮ್ಮೋರಲ್ಲಿ ಟೌನ್‌ಹೋಮ್ ಬಾಡಿಗೆಗೆ ಬಿಟ್ಟಿರೋರು ಬಹಳ ಜನ ಇದೀರ, ಅದಕ್ಕೆ ಒಂದು ಮಾತು. ವೋಚರ್ (ಬಾಡಿಗೆಲಿ ಒಂದು ಪಾಲು ಸರ್ಕಾರ ಕಟ್ಟೋ ಸಹಾಯ) ಅಂದ ತಕ್ಷಣ ಫೋನ್ ಇಡ್ಬೇಡಿ, 2023ರ ಜನವರಿ 1ರಿಂದ ಇಲಿನಾಯಲ್ಲಿ ಬಾಡಿಗೆ ದುಡ್ಡು ಎಲ್ಲಿಂದ ಬರುತ್ತೆ ಅನ್ನೋ ಕಾರಣಕ್ಕೆ ಮನೆ ಕೊಡಲ್ಲ ಅನ್ನೋದು ಕಾನೂನಿಗೆ ವಿರುದ್ಧ. ಎಲ್ಲರಿಗೂ ಮಾಡೋ ಹಾಗೆ ಕ್ರೆಡಿಟ್ ನೋಡಿ, ಹಳೇ ಓನರನ್ನ ವಿಚಾರ್ಸಿ, ಆಮೇಲೆ ತೀರ್ಮಾನ ಮಾಡಿ. ಹಾಗೇ ಗರಾಜಲ್ಲಿ ಮಾರೋಕೆ ಮನಸ್ಸಿಲ್ದೆ ನಿಲ್ಸಿರೋ ಹಳೇ ಕ್ಯಾಮ್ರಿ ಇದ್ರೆ ಅದನ್ನೂ ತಿಳ್ಸಿ.