ಬೇಸ್ ಗಿಟಾರಿನ ಪಿಕಪ್: ಆರ್ಡರ್ ಹಾಕುವ ಮುಂಚೆ ಬಿಚ್ಚಿ ನೋಡಿ

ನಾನು ಬೆಂಗಳೂರಿನಲ್ಲಿ ಗಿಟಾರ್ ರಿಪೇರಿ ಮಾಡುವವನು. ಹಳೇ ಮಾದರಿಯ ಬೇಸ್ ಗಿಟಾರ್ ರಿಪೇರಿಗೆ ಬಂತೆಂದರೆ ಅದರ ಜೊತೆ ಸಾಮಾನ್ಯವಾಗಿ ಒಂದು ಹೆಸರೂ ಬಂದಿರುತ್ತದೆ. ‘ಪಿ ಬೇಸ್ ಪಿಕಪ್ ಹಾಕಿಬಿಡಿ’, ‘ಜಾಝ್ ಪಿಕಪ್ ತರಿಸಿ’ ಅಂತ. ಪಿ ಅಂದರೆ ಪ್ರಿಸಿಷನ್; ಅದೂ ಜಾಝೂ ಫೆಂಡರ್ ಕಂಪನಿಯ ಎರಡು ಬೇಸ್ ಮಾದರಿಗಳು. ಪಿಕಪ್ ಅಂದರೆ ಗಿಟಾರಿನ ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ, ಮ್ಯಾಗ್ನೆಟ್ಟಿಗೆ ತಾಮ್ರದ ತಂತಿಯ ಸುರುಳಿ (ಕಾಯಿಲ್) ಸುತ್ತಿದ್ದು. ಹೆಸರನ್ನು ನಂಬಿ ಪಿಕಪ್ ತರಿಸಿದರೆ ದುಡ್ಡೂ ಹೋಗುತ್ತದೆ, ಗಿಟಾರಿನ ಮರಕ್ಕೂ ಕುತ್ತು ಬರುತ್ತದೆ. ಇದನ್ನು ಇತ್ತೀಚಿನ ಒಂದು ಕೆಲಸದ ಮೂಲಕವೇ ಹೇಳುತ್ತೇನೆ.

ಗಣೇಶೋತ್ಸವದ ಸೀಸನ್ನಿಗೆ ಮುಂಚೆ ಆರ್ಕೆಸ್ಟ್ರಾದಲ್ಲಿ ನುಡಿಸುವ ಒಬ್ಬರು ಸೆಕೆಂಡ್ ಹ್ಯಾಂಡ್ ಬೇಸ್ ಒಂದನ್ನು ತಂದರು. ಸದ್ದು ಪೂರ್ತಿ ಸತ್ತಿರಲಿಲ್ಲ. ಗಾತ್ರವೆಲ್ಲ ಹೋಗಿ ತೆಳ್ಳಗೆ ಕಿರುಗುಟ್ಟುತ್ತಿತ್ತು. ‘ಸರ್, ಪ್ರಿಸಿಷನ್ ಬೇಸ್ ಇದು. ಆನ್‌ಲೈನ್‌ನಲ್ಲಿ ಪಿ ಬೇಸ್ ಪಿಕಪ್ ನೋಡಿಟ್ಟಿದೀನಿ, ಆರ್ಡರ್ ಹಾಕ್ಲಾ?’ ಅಂದರು. ‘ಸ್ವಲ್ಪ ತಡೀರಿ ಸರ್, ಮೊದಲು ಅಳೆಯೋಣ’ ಅಂದೆ.

ಮೊದಲು ಗೊತ್ತಾಗಬೇಕಾದ್ದು ಕೆಟ್ಟಿರುವುದು ಪಿಕಪ್ಪೇ ಹೌದೋ ಅಲ್ಲವೋ ಅನ್ನುವುದು. ಅದಕ್ಕೆ ಏನನ್ನೂ ಬಿಚ್ಚಬೇಕಿಲ್ಲ. ಗಿಟಾರಿಗೆ ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲ್‌ನ ಇನ್ನೊಂದು ತುದಿಗೆ ಮಲ್ಟಿಮೀಟರ್ ಹಿಡಿದರೆ ಸಾಕು. ಇಂಥ ಪಿಕಪ್ ಸರಿ ಇದ್ದರೆ ಏಳರಿಂದ ಹನ್ನೊಂದು ಕಿಲೋ ಓಂ ಆಸುಪಾಸು ತೋರಿಸಬೇಕು. ಇಲ್ಲಿ 250 ಕಿಲೋ ಓಂ ಹತ್ತಿರ ಬಂತು. ಅದು ವಾಲ್ಯೂಮ್ ಪಾಟ್‌ನ, ಅಂದರೆ ವಾಲ್ಯೂಮ್ ತಿರುಗಿಸುವ ಬಿಡಿಭಾಗದ, ಸ್ವಂತ ರೆಸಿಸ್ಟೆನ್ಸ್. ಎಂದರೆ ಪಾಟ್, ಜ್ಯಾಕ್, ವೈರು ಎಲ್ಲ ಸರಿ ಇವೆ, ಕಾಯಿಲ್ ಮಾತ್ರ ಎಲ್ಲೋ ತುಂಡಾಗಿದೆ. ತುಂಡಾದ ಕಾಯಿಲ್‌ನ ಸುತ್ತುಗಳ ನಡುವೆ ಕೆಪಾಸಿಟರಿನ ಗುಣ ಉಳಿದಿರುತ್ತದೆ, ಅದರ ಮೂಲಕ ಬರೀ ಟ್ರೆಬಲ್ ದಾಟಿ ಬರುತ್ತದೆ. ಆ ಕಿರುಗುಟ್ಟುವಿಕೆಗೆ ಅದೇ ಕಾರಣ.

ಪಿಕ್‌ಗಾರ್ಡ್ ಬಿಚ್ಚಿ ನೋಡಿದೆ. ಒಂದೇ ಸಣ್ಣ ಕಾಯಿಲ್, ನಾಲ್ಕು ತಂತಿಗೆ ನಾಲ್ಕೇ ಪೋಲ್ ಪೀಸ್ (ತಂತಿಯ ಕೆಳಗೆ ನಿಲ್ಲುವ ಲೋಹದ ಕಡ್ಡಿ). ಅವರು ನೋಡಿಟ್ಟಿದ್ದ ಪಿಕಪ್ ಎರಡು ತುಂಡಿನದು, ಎಂಟು ಪೋಲ್‌ನದು. ಮರದಲ್ಲಿ ಕೊರೆದ ಈ ಗುಂಡಿಯೊಳಗೆ ಅದು ಕೂರುವುದೇ ಇಲ್ಲ. ಗೊಂದಲದ ಮೂಲ ಫೆಂಡರ್ ಕಂಪನಿಯ ಇತಿಹಾಸದಲ್ಲೇ ಇದೆ. 1951ರಲ್ಲಿ ಬಂದ ಮೊದಲ ಪ್ರಿಸಿಷನ್ ಬೇಸ್‌ಗೆ ಇದ್ದದ್ದು ಈ ಒಂಟಿ ಕಾಯಿಲ್. 1957ರಲ್ಲಿ ಅದೇ ಹೆಸರಿನ ಗಿಟಾರಿಗೆ ಎರಡು ತುಂಡಿನ ಸ್ಪ್ಲಿಟ್ ಕಾಯಿಲ್ ಬಂತು. ಇವತ್ತು ಪಿ ಬೇಸ್ ಪಿಕಪ್ ಅಂದರೆ ಎಲ್ಲರೂ ಕೊಡುವುದು ಅದನ್ನೇ. 1968ರಲ್ಲಿ ಹಳೇ ವಿನ್ಯಾಸ ಟೆಲಿಕಾಸ್ಟರ್ ಬೇಸ್ ಎಂಬ ಹೆಸರಿನಲ್ಲಿ ಮತ್ತೆ ಬಂತು, 1972ರಲ್ಲಿ ಅದರಲ್ಲೂ ಒಂಟಿ ಕಾಯಿಲ್ ತೆಗೆದು ದೊಡ್ಡ ಹಂಬಕರ್ (ಎರಡು ಕಾಯಿಲ್ ಇರುವ ಪಿಕಪ್) ಹಾಕಿದರು. ಹಾಗಾಗಿ ನಮಗೆ ಬೇಕಾದ ಪಿಕಪ್ ಸಿಗುವುದು ‘ಐವತ್ತೊಂದರ ಪಿ’ ಅಥವಾ ‘ಸಿಂಗಲ್ ಕಾಯಿಲ್ ಪಿ’ ಅಂತ ಹುಡುಕಿದಾಗ. ಪಿಕಪ್ ತಯಾರಿಸುವ ಸೆಮೂರ್ ಡಂಕನ್ ಕಂಪನಿಯ ಪಟ್ಟಿಯಲ್ಲಿ ಎಸ್‌ಪಿಬಿ ಅಂದರೆ ಸ್ಪ್ಲಿಟ್ ಕಾಯಿಲ್, ಎಸ್‌ಸಿಪಿಬಿ ಅಂದರೆ ಈ ಒಂಟಿ ಕಾಯಿಲ್. ಒಂದು ಅಕ್ಷರ ತಪ್ಪಿದರೆ ಬೇರೆಯದೇ ಸಾಮಾನು ಮನೆಗೆ ಬರುತ್ತದೆ.

ಕಾಯಿಲ್ ತುಂಡಾಗಿದೆ ಅಂದ ಕೂಡಲೇ ಹೊಸದನ್ನು ಕೊಳ್ಳಬೇಕೆಂದೂ ಇಲ್ಲ. ಕೂದಲಿಗಿಂತ ತೆಳು ಇರುವ ಆ ತಾಮ್ರದ ತಂತಿ ಎಷ್ಟೋ ಸಲ ಹೊರತುದಿಯಲ್ಲಿ, ಸೋಲ್ಡರ್ ಹಾಕಿದ ಕಡೆಯೇ ಕಿತ್ತು ಹೋಗಿರುತ್ತದೆ. ಭೂತಗನ್ನಡಿ ಹಿಡಿದು, ಒಂದು ಸುತ್ತು ಬಿಚ್ಚಿ, ಎನಾಮಲ್ ಕೆರೆದು, ಮತ್ತೆ ಬೆಸೆದರೆ ಜೀವ ಬರುತ್ತದೆ. ಇದರಲ್ಲಿ ಹಾಗಾಗಿರಲಿಲ್ಲ. ಆಲ್ನಿಕೋ ಎಂಬ ಮ್ಯಾಗ್ನೆಟ್ ಲೋಹದ ಪೋಲ್‌ಗಳ ಬುಡದಲ್ಲಿ ಕಂದು ಬಣ್ಣದ ತುಕ್ಕು ಕಂಡಿತು. ಹಳೇ ಕ್ರಮದ ಪಿಕಪ್‌ನಲ್ಲಿ ತಂತಿಯನ್ನು ನೇರವಾಗಿ ಮ್ಯಾಗ್ನೆಟ್ ಮೇಲೇ ಸುತ್ತಿರುತ್ತಾರೆ. ಬೆವರು, ತೇವ ಸೇರಿ ಮ್ಯಾಗ್ನೆಟ್ ತುಕ್ಕು ಹಿಡಿದರೆ ಒಳಗಿನ ಮೊದಲ ಸುತ್ತುಗಳನ್ನೇ ತಿನ್ನುತ್ತದೆ. ಅಲ್ಲಿಗೆ ಕೈ ಹೋಗುವುದಿಲ್ಲ. ಕರಾವಳಿಯಲ್ಲಿ ನುಡಿಸುವವರು ಗಿಟಾರಿನ ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ ಎಂದು ನಾನು ಪದೇ ಪದೇ ಹೇಳುವುದು ಇದಕ್ಕೇ.

‘ಎಸ್‌ಪಿ ರೋಡಿನಲ್ಲಿ ತಂತಿ ಸಿಗುತ್ತಲ್ಲ, ಸುತ್ತಿಸಿಬಿಡೋಣ’ ಅನ್ನುವುದು ಮುಂದಿನ ಮಾತು. ಎಸ್‌ಪಿ ರೋಡ್ ಅಂದರೆ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಸಾಮಾನಿನ ಬೀದಿ. ಸುತ್ತಿಸಬಹುದು, ಆದರೆ ಗೇಜ್, ಅಂದರೆ ತಂತಿಯ ದಪ್ಪ ಹೇಳುವ ಸಂಖ್ಯೆ, ಎಚ್ಚರ. ಪಿಕಪ್‌ಗೆ ಹೇಳುವ 42 ಗೇಜ್ ಅಮೆರಿಕದ ಎಡಬ್ಲ್ಯುಜಿ ಲೆಕ್ಕ, ಸುಮಾರು 0.063 ಮಿಲಿಮೀಟರ್ ದಪ್ಪ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷ್ ಲೆಕ್ಕದ ಎಸ್‌ಡಬ್ಲ್ಯುಜಿ. ಅದರಲ್ಲಿ 42 ಅಂದರೆ 0.1 ಮಿಲಿಮೀಟರ್. ಅಷ್ಟು ದಪ್ಪದ ತಂತಿಯನ್ನು ಸಾವಿರಾರು ಸುತ್ತು ಸುತ್ತುವ ಮೊದಲೇ ಬಾಬಿನ್ (ತಂತಿ ಸುತ್ತುವ ಚೌಕಟ್ಟು) ತುಂಬಿಹೋಗುತ್ತದೆ. ಕೇಳಬೇಕಾದ್ದು 46 ಎಸ್‌ಡಬ್ಲ್ಯುಜಿ. ಮೈಕ್ರೋಮೀಟರ್ ಇಟ್ಟು ಅಳೆದೇ ತನ್ನಿ.

ಇವರಿಗೆ ಕಾರ್ಯಕ್ರಮ ಹತ್ತಿರವಿತ್ತು, ಹೊಸದೇ ಆಗಲಿ ಅಂದರು. ಇಲ್ಲಿ ನಾನು ಹಟ ಹಿಡಿದದ್ದು ಒಂದು ವಿಷಯಕ್ಕೆ. ಒಂಟಿ ಕಾಯಿಲ್‌ನ ಸ್ವರ ನನಗೆ ಬಹಳ ಇಷ್ಟ, ಮನೆಯಲ್ಲಿ ರೆಕಾರ್ಡ್ ಮಾಡುವವರಾದರೆ ಅದನ್ನೇ ಹಾಕಿಕೊಡುತ್ತಿದ್ದೆ. ಆದರೆ ಪೆಂಡಾಲಿನಲ್ಲಿ ಜನರೇಟರ್, ಡಿಮ್ಮರ್, ಸೀರಿಯಲ್ ಲೈಟು ಎಲ್ಲ ಸೇರಿ ಎಬ್ಬಿಸುವ ಗುಂಯ್ ಸದ್ದನ್ನು ಒಂಟಿ ಕಾಯಿಲ್ ಹಾಗೇ ಎಳೆದುಕೊಳ್ಳುತ್ತದೆ. ಅದೇ ಅಳತೆಯ ಕವಚದೊಳಗೆ ಎರಡು ಕಾಯಿಲ್ ಅಡಗಿಸಿ ಆ ಗುಂಯ್ ಕಳೆಯುವ ಪಿಕಪ್‌ಗಳಿವೆ. ಅಂಥದ್ದನ್ನೇ ತರಿಸಿದೆವು. ಪೋಲ್‌ಗಳ ನಡುವಿನ ಅಂತರ, ಸ್ಕ್ರೂ ತೂತುಗಳ ಅಂತರ, ಗುಂಡಿಯ ಆಳ, ಮೂರನ್ನೂ ಕ್ಯಾಲಿಪರ್‌ನಲ್ಲಿ ಅಳೆದು ಮಾರುವವರಿಗೆ ಫೋಟೋ ಸಮೇತ ಕಳಿಸಿದ ಮೇಲೆಯೇ ದುಡ್ಡು ಕಟ್ಟಿದ್ದು.

ಅವರ ತಲೆಯಲ್ಲಿ ಓಂ ಲೆಕ್ಕವೂ ಇತ್ತು. ಓಂ ಜಾಸ್ತಿ ಇದ್ದರೆ ಸದ್ದು ಜೋರು ಅಂತ. ಅದೊಂದನ್ನೇ ನೋಡಿ ಹಾಗೆ ಹೇಳಲಾಗದು. ತಂತಿ ತೆಳುವಾದರೂ ಓಂ ಏರುತ್ತದೆ, ಸೆಕೆ ಏರಿದರೂ ಏರುತ್ತದೆ. 20 ಡಿಗ್ರಿಯಲ್ಲಿ 10 ಕಿಲೋ ಓಂ ತೋರಿಸುವ ಕಾಯಿಲ್ ಕಲಬುರಗಿಯ 40 ಡಿಗ್ರಿ ಬೇಸಿಗೆಯಲ್ಲಿ ಸುಮಾರು 10.8 ತೋರಿಸುತ್ತದೆ. ಅದಕ್ಕಿಂತ ಪಿಕಪ್ಪನ್ನು ತಿರುವಿ ಹಾಕಿ ನೋಡುವುದು ಹೆಚ್ಚು ಉಪಯೋಗದ್ದು. ತಳದಲ್ಲಿ ಚಪ್ಪಟೆ ಮ್ಯಾಗ್ನೆಟ್ ಪಟ್ಟಿ ಅಂಟಿಸಿದ್ದರೆ ಸಾಮಾನ್ಯವಾಗಿ ಅದು ಸಿರಾಮಿಕ್, ಪೋಲ್‌ಗಳು ಬರೀ ಕಬ್ಬಿಣ. ಪಟ್ಟಿ ಇಲ್ಲದೆ ಪೋಲ್‌ಗಳೇ ಮ್ಯಾಗ್ನೆಟ್ ಆಗಿದ್ದರೆ ಹಳೇ ಕ್ರಮದ್ದು.

ಜಾಝ್ ಬೇಸ್‌ನವರಿಗೆ ಇನ್ನೆರಡು ಮಾತು. ಅದರ ನೆಕ್ ಕಡೆಯ ಪಿಕಪ್ ಸುಮಾರು 92 ಮಿಲಿಮೀಟರ್, ಬ್ರಿಡ್ಜ್ ಕಡೆಯದು ಸುಮಾರು 95. ಕೆಲವು ಅಗ್ಗದ ನಕಲುಗಳಲ್ಲಿ ಎರಡೂ ಒಂದೇ ಅಳತೆ ಇರುತ್ತವೆ. ಒಂದನ್ನು ಮಾತ್ರ ಬದಲಿಸುವುದಾದರೆ, ಹೊಸದರ ಮುಖವನ್ನು ಹಳೆಯದರ ಮುಖಕ್ಕೆ ಹಿಡಿದು ನೋಡಿ. ಒಂದನ್ನೊಂದು ಸೆಳೆದರೆ ಧ್ರುವ ಸರಿ. ಆಮೇಲೆ ಮುಳ್ಳಿನ ಮೀಟರ್ ಜೋಡಿಸಿ, ಪೋಲ್ ಮೇಲೆ ಸ್ಕ್ರೂಡ್ರೈವರ್ ಇಟ್ಟು ಸರಕ್ಕನೆ ಎತ್ತಿ. ಎರಡು ಪಿಕಪ್‌ಗೂ ಮುಳ್ಳು ಒಂದೇ ದಿಕ್ಕಿಗೆ ಹಾರಬೇಕು. ಬೇರೆ ಬೇರೆ ದಿಕ್ಕಿಗೆ ಹಾರಿದರೆ ಹೊಸ ಪಿಕಪ್‌ನ ಎರಡು ವೈರುಗಳನ್ನು ಅದಲುಬದಲು ಮಾಡಿ ಬೆಸೆಯಿರಿ.

ಆರ್ಕೆಸ್ಟ್ರಾದವರ ಬೇಸ್‌ಗೆ ಪಿಕಪ್ ಕೂರಿಸಿ, ಕೊನೆಯ ಫ್ರೆಟ್ ಒತ್ತಿ ಹಿಡಿದು, ದಪ್ಪ ತಂತಿಯ ಕಡೆ ಮೂರು ಮಿಲಿಮೀಟರ್, ಸಣ್ಣದರ ಕಡೆ ಎರಡೂವರೆ ಬಿಟ್ಟೆ. ನುಡಿಸಿ ನೋಡಿ ದಪ್ಪ ತಂತಿಯ ಕಡೆ ಇನ್ನೂ ಅರ್ಧ ಸುತ್ತು ಇಳಿಸಿದರು. ಹಳೇ ಪಿಕಪ್ಪನ್ನು ಎಸೆಯಲು ನಾನು ಬಿಡಲಿಲ್ಲ. ಯಾವ ಗಿಟಾರಿನದು, ಅಳತೆ ಎಷ್ಟು ಅಂತ ಚೀಟಿ ಬರೆದು ಪೆಟ್ಟಿಗೆಯಲ್ಲೇ ಹಾಕಿಕೊಟ್ಟಿದ್ದೇನೆ. ಸೀಸನ್ ಮುಗಿದ ಮೇಲೆ ಸುತ್ತಿಸಲು ತರುತ್ತೇನೆಂದು ಹೇಳಿ ಹೋಗಿದ್ದಾರೆ.