ಜನವರಿ ಒಂದರ ಪಟ್ಟಿ

ಹೊಸ ವರ್ಷದ ದಿನ ಅಪ್ಪ ಇಲವಾಲದಿಂದ ಫೋನು ಮಾಡಿದಾಗ ಇಲ್ಲಿ ವಿಯೆನ್ನಾದಲ್ಲಿ ಇನ್ನೂ ಬೆಳಕು ಹರಿದಿರಲಿಲ್ಲ. ಚಳಿಯ ಮಾತು ಮುಗಿಯುವ ಮೊದಲೇ ಅವರು, "ಈ ಸಲವೂ ಅಣು ಸ್ಥಾವರಗಳ ಪಟ್ಟಿ ಕೊಟ್ಟರೇನವ್ವಾ, ನೋಡಿ ಹೇಳು" ಎಂದರು. ನಮ್ಮೂರ ಹತ್ತಿರದ ರತ್ನಹಳ್ಳಿಯಲ್ಲಿ ಯುರೇನಿಯಂ ಸಂವರ್ಧನೆಯ, ಅಂದರೆ ಯುರೇನಿಯಂ ಅನ್ನು ಅಣು ಇಂಧನಕ್ಕೆ ತಕ್ಕಂತೆ ಹದಗೊಳಿಸುವ ಸ್ಥಾವರವಿದೆ. ಅಪ್ಪ ಹೊಲಕ್ಕೆ ಹೋಗಿಬರುವುದು ಆ ಕಡೆಯ ದಾರಿಯಲ್ಲೇ.

ಪರಸ್ಪರರ ಅಣು ಸ್ಥಾವರಗಳ ಮೇಲೆ ದಾಳಿ ಮಾಡುವುದಿಲ್ಲವೆಂದು ಭಾರತ ಮತ್ತು ಪಾಕಿಸ್ತಾನ 1988ರ ಡಿಸೆಂಬರ್ 31ರಂದು ಇಸ್ಲಾಮಾಬಾದಿನಲ್ಲಿ ಸಹಿ ಹಾಕಿದವು. ಸಂವರ್ಧನೆಯ ಘಟಕಗಳೂ ಆ ಒಪ್ಪಂದದ ವ್ಯಾಪ್ತಿಗೆ ಸೇರುತ್ತವೆ. 1992ರಿಂದ ಪ್ರತಿ ಜನವರಿ 1ಕ್ಕೆ ಎರಡೂ ದೇಶಗಳು ಸ್ಥಾವರಗಳ ಪಟ್ಟಿಯನ್ನು ವಿನಿಮಯ ಮಾಡಿಕೊಳ್ಳುತ್ತಿದ್ದು, ಕಾರ್ಗಿಲ್ ಯುದ್ಧ ನಡೆದ ಮೇಲೂ ಆ ವಾಡಿಕೆ ತಪ್ಪಲಿಲ್ಲ. ಸುದ್ದಿ ನೋಡಿ, "ಕೊಟ್ಟಿದ್ದಾರಪ್ಪ" ಎಂದೆ. "ಚೀನಾದವರಿಗೂ ಕೊಡ್ತಾರಾ?" ಎಂದು ಕೇಳಿದರು. ಇಲ್ಲವೆನ್ನಬೇಕಾಯಿತು.

ಆ ಪ್ರಶ್ನೆ ನನ್ನನ್ನು ಇಡೀ ದಿನ ಬಿಡಲಿಲ್ಲ. ಈ ಊರಿನ ಹೋಫ್‌ಬುರ್ಗ್ ಅರಮನೆಯಲ್ಲೇ 1979ರ ಜೂನ್ 18ರಂದು ಅಮೆರಿಕದ ಅಧ್ಯಕ್ಷ ಕಾರ್ಟರ್ ಮತ್ತು ಸೋವಿಯತ್ ನಾಯಕ ಬ್ರೆಜ್ನೆವ್ ಕ್ಷಿಪಣಿಗಳ ಮಿತಿಯ ಒಪ್ಪಂದಕ್ಕೆ ಸಹಿ ಹಾಕಿದರು. ಅಮೆರಿಕದ ಸೆನೆಟ್ ಅನುಮೋದಿಸದಿದ್ದರೂ ಎರಡೂ ಕಡೆಯವರು ಕೆಲವು ವರ್ಷ ಆ ಮಿತಿಯನ್ನು ಬಹುಮಟ್ಟಿಗೆ ಪಾಲಿಸಿದರು. ಅಮೆರಿಕ ಮತ್ತು ರಷ್ಯಾ ಸಜ್ಜಾಗಿಟ್ಟ ಸಿಡಿತಲೆಗಳನ್ನು, ಅಂದರೆ ಕ್ಷಿಪಣಿಗಳು ಹೊರುವ ಅಣುಬಾಂಬುಗಳನ್ನು, ತಲಾ 1,550ಕ್ಕೆ ಕಟ್ಟಿಹಾಕಿದ್ದ 2010ರ ಒಪ್ಪಂದದ ಅವಧಿಯೂ 2026ರ ಫೆಬ್ರವರಿ 5ಕ್ಕೆ ತೀರಿತು.

ಇವೆಲ್ಲ ಇಬ್ಬರ ನಡುವಿನ ಲೆಕ್ಕಗಳು. ಅಮ್ಮನ ತವರಾದ ಪಾಂಡವಪುರದ ಕಡೆ ನಾಲೆಯ ನೀರಿಗೆ ಇಬ್ಬರಿದ್ದರೆ ಸರದಿ ಗೊತ್ತುಮಾಡುವುದು ಸುಲಭ, ಆದರೆ ಒಂದೇ ತೂಬಿಗೆ ನಾಲ್ಕು ಗದ್ದೆಗಳಿದ್ದರೆ, ಮೇಲಿನವನ ಭಯಕ್ಕೆ ಒಬ್ಬ ಏರಿಸಿದ ಬದು ಕೆಳಗಿನವನ ನೀರನ್ನು ತಡೆಯುತ್ತದೆ. 2024ರ ಮಾರ್ಚ್‌ನಲ್ಲಿ ಭಾರತ ಹಲವು ಸಿಡಿತಲೆಗಳನ್ನು ಹೊರಬಲ್ಲ ಅಗ್ನಿ-5 ಕ್ಷಿಪಣಿಯನ್ನು ಪರೀಕ್ಷಿಸಿದ್ದು ಚೀನಾವನ್ನು ಗಮನದಲ್ಲಿಟ್ಟುಕೊಂಡೇ ಇರಬಹುದು, ಆದರೆ ಅದನ್ನು ಕಂಡು ಲೆಕ್ಕ ಹಾಕುವವರು ಇಸ್ಲಾಮಾಬಾದಿನಲ್ಲೂ ಇದ್ದಾರೆ. ಚೀನಾ ತನ್ನ ಬಲವನ್ನು ಅಳೆಯುವುದು ಅಮೆರಿಕದ ಎದುರು. ಅಮೆರಿಕ ಈಗ ರಷ್ಯಾ, ಚೀನಾ ಎರಡನ್ನೂ ಒಟ್ಟಿಗೆ ಎಣಿಸುತ್ತಿದೆ. ಒಬ್ಬರ ಧೈರ್ಯ ಮತ್ತೊಬ್ಬರ ದಿಗಿಲಾಗುವ ಈ ಸರಪಳಿಗೆ ಒಂದೇ ಸಂಖ್ಯೆಯ ಮಿತಿ ಸಾಲದೆಂದು ನನಗೆ ಅನ್ನಿಸುತ್ತದೆ.

ನೆಲ ಅಥವಾ ಸಮುದ್ರದಿಂದ ಹಾರಿಸುವ ಬ್ಯಾಲಿಸ್ಟಿಕ್ ಕ್ಷಿಪಣಿಗಳ ಪರೀಕ್ಷೆಗೆ ಕನಿಷ್ಠ 3 ದಿನ ಮೊದಲು ಪರಸ್ಪರ ತಿಳಿಸಬೇಕೆಂದು ಭಾರತ ಮತ್ತು ಪಾಕಿಸ್ತಾನ 2005ರಲ್ಲಿ ಒಪ್ಪಿಕೊಂಡಿವೆ. ಚೀನಾದೊಂದಿಗೆ ನಮಗೆ ಅಷ್ಟೂ ಇಲ್ಲ. ಸಿಡಿತಲೆಗಳ ಎಣಿಕೆಯ ಮಾತು ದೂರವೇ ಇರಲಿ, ಮೊದಲು ಆ 3 ದಿನಗಳ ಮುನ್ಸೂಚನೆಯನ್ನು ಕೇಳೋಣವೆಂದು ಅಪ್ಪನಿಗೆ ಹೇಳಿದೆ.