‘ನೀವು ಹಿಂದೂಗಳು, ಮಿಷನ್ನವರ ಹತ್ರ ಹೇಗೆ ಕೆಲಸ ಮಾಡಿದ್ರಿ?’

ಮದುವೆ ಊಟದ ಪಂಕ್ತಿಯಲ್ಲಿ, ಕೋಲಾರದ ಬಸ್‌ಸ್ಟ್ಯಾಂಡಿನಲ್ಲಿ, ತವರಿನ ಜಗಲಿಯಲ್ಲಿ, ಎಲ್ಲಿ ಪರಿಚಯದವರು ಸಿಕ್ಕರೂ ಮಾತು ಕೊನೆಗೆ ಇಲ್ಲಿಗೇ ಬರುತ್ತದೆ. ‘ಅಲ್ಲಮ್ಮಾ, ಮಿಷನ್ನವರು ಹಳ್ಳಿಗೆ ಬರೋದೇ ಜನಾನ ಅವರ ಕಡೆ ಎಳ್ಕೊಳ್ಳೋಕೆ ಅಂತಾರಲ್ಲ. ನೀವು ಅವರ ಜೊತೆ ಅಷ್ಟು ವರ್ಷ ಹೇಗಿದ್ರಿ?’

ಕೇಳುವವರಲ್ಲಿ ಹೆಚ್ಚಿನವರಿಗೆ ಕೆಟ್ಟ ಮನಸ್ಸಿರುವುದಿಲ್ಲ. ಅದಕ್ಕೇ ಒಮ್ಮೆ ಕೂತು ಪೂರ್ತಿ ಬರೆಯೋಣ ಅನ್ನಿಸಿತು. 2009ರಿಂದ 2021ರವರೆಗೆ ಮುಳಬಾಗಿಲು ತಾಲ್ಲೂಕಿನ ಹಳ್ಳಿಗಳಲ್ಲಿ ಒಂದು ಕ್ರೈಸ್ತ ಮಿಷನ್ನಿನ ಗ್ರಾಮಾಭಿವೃದ್ಧಿ ಯೋಜನೆಗೆ ಕಾರ್ಯಕರ್ತೆಯಾಗಿದ್ದೆ. ಮಹಿಳಾ ಸಂಘ, ಕೆರೆ ಹೂಳು, ಕುಡಿಯುವ ನೀರು, ಇವು ನನ್ನ ಪಾಲಿನ ಕೆಲಸ.

ಮತಾಂತರ ನಡೆದೇ ಇಲ್ಲ ಅಂತ ನಾನು ಹೇಳುವುದಿಲ್ಲ. ನಮ್ಮ ಕೋಲಾರದ ಮಿಷನ್ ಬೆಳೆದದ್ದೇ 1876-78ರ ಧಾತು-ಈಶ್ವರ ಬರಗಾಲದ ಅನಾಥ ಮಕ್ಕಳಿಂದ. 1871ರಲ್ಲಿ 50 ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರ ಗಣತಿಗೆ 42 ಲಕ್ಷದ ಆಸುಪಾಸಿಗೆ ಕುಸಿದಿತ್ತು. ಆ ಬರದಲ್ಲಿ ತಂದೆ ತಾಯಿ ಸತ್ತು ಬೀದಿಗೆ ಬಿದ್ದ ಮಕ್ಕಳನ್ನು ಲೂಯಿಸಾ ಆ್ಯನ್‌ಸ್ಟಿ ಎಂಬ ಇಂಗ್ಲಿಷ್ ಹೆಣ್ಣುಮಗಳು ಕೋಲಾರದಲ್ಲಿ ಸಾಕಿದರು. 1890ರಲ್ಲಿ ಆ ಕೆಲಸವನ್ನು ಅಮೆರಿಕದ ಮೆಥೊಡಿಸ್ಟ್ ಮಿಷನ್‌ಗೆ ಒಪ್ಪಿಸಿದರು. ಮಕ್ಕಳು ಕ್ರೈಸ್ತರಾಗಿಯೇ ಬೆಳೆದರು. ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆದರೆ ಆ ಮಕ್ಕಳು ಬದುಕಿದರು ಅನ್ನುವುದನ್ನೂ ಅದೇ ಉಸಿರಿನಲ್ಲಿ ಹೇಳಬೇಕು. ಅದೇ ಮೆಥೊಡಿಸ್ಟರು ಮುಂದೆ ಕಟ್ಟಿದ ಇ.ಟಿ.ಸಿ.ಎಂ. ಆಸ್ಪತ್ರೆಯನ್ನು ನಮ್ಮ ಕಡೆಯವರು ಇವತ್ತಿಗೂ ‘ಮಿಷನ್ ಆಸ್ಪತ್ರೆ’ ಅಂತಲೇ ಕರೆಯುತ್ತಾರೆ. ನಮ್ಮ ಮನೆಯ ಎರಡು ಬಾಣಂತನ ಅಲ್ಲೇ ಆದವು. ಯಾರೂ ನಮ್ಮ ದೇವರ ವಿಚಾರ ಎತ್ತಲಿಲ್ಲ.

ನಾನು ಸೇರಿದ ಮೊದಲ ದಿನ ಯೋಜನೆ ನೋಡಿಕೊಳ್ಳುತ್ತಿದ್ದ ಅಯ್ಯನವರು ಒಂದೇ ಮಾತು ಹೇಳಿದ್ದರು: ‘ಸಂಘದ ಸಭೇಲಿ ಪ್ರಾರ್ಥನೆ ಮಾಡಿಸ್ಬೇಡಿ. ಪ್ರಾರ್ಥನೆ ಚರ್ಚಲ್ಲಿ. ಇಲ್ಲಿ ಲೆಕ್ಕ.’ ಹನ್ನೆರಡು ವರ್ಷವೂ ಅದನ್ನೇ ನಡೆಸಿದೆವು. ಬರಗಾಲದ ವರ್ಷ ಬೇರೆಯವರು ಅಕ್ಕಿ ಚೀಲದ ಜೊತೆ ಧರ್ಮಪ್ರಚಾರದ ಕರಪತ್ರ ಇಟ್ಟು ಹಂಚಿದ್ದನ್ನೂ ಕಂಡಿದ್ದೇನೆ. ಹಸಿದವರ ಎದುರು ಹಾಗೆ ಮಾಡುವುದು ತಪ್ಪು. ಆಗಲೂ ಹೇಳಿದೆ, ಈಗಲೂ ಹೇಳುತ್ತೇನೆ.

ಇನ್ನೊಂದು ವಿಷಯ ಪೇಟೆಯವರ ತಲೆಗೆ ಹೊಳೆಯುವುದೇ ಇಲ್ಲ. 1950ರ ಪರಿಶಿಷ್ಟ ಜಾತಿಗಳ ಆದೇಶದ ಪ್ರಕಾರ ಹಿಂದೂ, ಸಿಖ್, ಬೌದ್ಧರಲ್ಲದವರಿಗೆ ಪರಿಶಿಷ್ಟ ಜಾತಿಯ ಸ್ಥಾನ ಸಿಗದು. ಕ್ರೈಸ್ತರಾದರೆ ಸರ್ಟಿಫಿಕೇಟ್ ಹೋಗುತ್ತದೆ, ಅದರ ಜೊತೆ ಪರಿಶಿಷ್ಟ ಜಾತಿಗೆಂದೇ ಇರುವ ಹಾಸ್ಟೆಲ್ಲು, ಮೀಸಲಾತಿಯೂ. ನಮ್ಮ ಸಂಘಗಳಲ್ಲಿದ್ದ ಕಾಲೋನಿಯ ಹೆಂಗಸರಿಗೆ ಇದು ನನಗಿಂತ ಚೆನ್ನಾಗಿ ಗೊತ್ತಿತ್ತು. ‘ಒಂದು ಹೊಲಿಗೆ ಯಂತ್ರ ಕೊಟ್ಟರೆ ದೇವರನ್ನೇ ಬಿಟ್ಟುಬಿಡ್ತಾರೆ’ ಅನ್ನುವ ಮಾತು ಕೇಳಿದಾಗ ನನಗೆ ಸಿಟ್ಟು ಬರುವುದು ಮಿಷನ್ನಿನ ಪರವಾಗಿ ಅಲ್ಲ, ಆ ಹೆಂಗಸರ ಪರವಾಗಿ. ಅವರಿಗೆ ತಮ್ಮ ಒಳಿತು ಕೆಡುಕು ಲೆಕ್ಕ ಹಾಕಲು ಬರುವುದಿಲ್ಲ ಅಂದುಕೊಂಡ ಮಾತು ಅದು.

ಹಾಗಾದರೆ ಮಿಷನ್ನಿನ ಕೆಲಸವನ್ನು ಪ್ರಶ್ನಿಸಲೇಬಾರದೇ? ಪ್ರಶ್ನಿಸಬೇಕು. ನನ್ನ ಪ್ರಶ್ನೆ ಮಾತ್ರ ಬೇರೆ: ಬೀಗದ ಕೈ ಯಾರ ಹತ್ತಿರ ಇದೆ?

ನಾವು ಸೋತ ಕಡೆಯಿಂದಲೇ ಹೇಳುತ್ತೇನೆ. ನಮ್ಮ ಕಡೆ ಕೊಳವೆಬಾವಿ ಸಾವಿರ ಅಡಿ ದಾಟಿ ಯಾವುದೋ ಕಾಲವಾಯಿತು. ಆಳಕ್ಕೆ ಹೋದಷ್ಟೂ ಫ್ಲೋರೈಡ್. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಅನ್ನುತ್ತಾರೆ, ದಾಟಿದ ಊರುಗಳೇ ಬಹಳ. ಶಾಲೆ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತದೆ. ಒಂದು ಊರಲ್ಲಿ ನಮ್ಮ ಯೋಜನೆಯಿಂದ ನೀರಿನ ಘಟಕ ಹಾಕಿಸಿದೆವು. ಜಾಗ ಆರಿಸಿದ್ದು ನಾವು, ಕಂಟ್ರ್ಯಾಕ್ಟರ್ ಗೊತ್ತು ಮಾಡಿದ್ದು ನಾವು, ನಾಣ್ಯದ ಡಬ್ಬಿಯ ದುಡ್ಡು ಬರುತ್ತಿದ್ದುದೂ ನಮ್ಮ ಆಫೀಸಿಗೆ. ನೀರು ಸೋಸುವ ಮೆಂಬ್ರೇನ್ ಕೆಟ್ಟಾಗ ಊರವರು ನಮ್ಮ ದಾರಿ ನೋಡಿದರು, ನಾವು ದುಡ್ಡು ಕೊಡುವವರ ದಾರಿ ನೋಡಿದೆವು. ಕೊನೆಗೆ ಶೆಡ್ಡಿಗೆ ಬೀಗ ಬಿತ್ತು. ಅಲ್ಲಿ ಯಾರೂ ಮತಾಂತರ ಆಗಲಿಲ್ಲ, ನೀರೂ ಸಿಗಲಿಲ್ಲ.

ಕೆರೆಯ ಕೆಲಸ ಹಾಗಾಗಲಿಲ್ಲ. ಹೂಳು ತೆಗೆಯುವ ಜೆಸಿಬಿ ಬಾಡಿಗೆ ಮಿಷನ್ನಿನದು, ಗೋಡು ಮಣ್ಣು ಹೊಲಕ್ಕೆ ಹೊಡೆಯುವ ಟ್ರ್ಯಾಕ್ಟರ್ ಖರ್ಚು ರೈತರದು ಅಂತ ಒಪ್ಪಂದ. ಮೊದಲ ದಿನ ನಮ್ಮ ಇಂಜಿನಿಯರ್ ಏರಿಯ ಬುಡದಿಂದಲೇ ಶುರು ಮಾಡೋಣ ಅಂದರು. ಕೆರೆ ನೀರು ಬಿಡುವ ಕೆಲಸದ ಊರಿನ ಹಳೇ ನೀರಗಂಟಿ ಹೆಗಲ ಮೇಲಿನ ಟವೆಲ್ ತೆಗೆದು ನೆಲಕ್ಕೆ ಹಾಸಿ, ಯಂತ್ರದ ಮುಂದೆ ಕೂತುಬಿಟ್ಟರು. ‘ಇಲ್ಲಿ ಅಗದ್ರೆ ಏರಿ ಜರೀತದೆ ಸ್ವಾಮಿ. ಒಳಗಡೆ ಹೋಗಿ ತಗೀರಿ. ಅಡೀಲಿರೋ ಜೇಡಿನೂ ಮುಟ್ಬೇಡಿ, ನೀರು ನಿಲ್ಲೋದೇ ಅದರ ಮೇಲೆ.’ ಒಂದು ಮುಷ್ಟಿ ಮಣ್ಣು ತೆಗೆದು ಕೈಯಲ್ಲೇ ಹಿಸುಕಿ ಉಂಡೆ ಮಾಡಿ ತೋರಿಸಿದರು. ಇಂಜಿನಿಯರ್ ಅದನ್ನು ಕೈಗೆ ತಗೊಂಡು ತಿರುಗಿಸಿ ನೋಡಿ, ನಕ್ಷೆ ಮಡಚಿಟ್ಟರು. ಅವತ್ತಿನಿಂದ ಎಲ್ಲಿ ಅಗೆಯಬೇಕು ಅನ್ನುವುದು ಆ ಅಜ್ಜನ ಮಾತು. ಮಿಷನ್ ದುಡ್ಡಿನಲ್ಲಿ ನಾನು ಕಂಡ ಅತ್ಯಂತ ಒಳ್ಳೆಯ ಗಳಿಗೆ ಅದು.

2020ರಲ್ಲಿ ವಿದೇಶಿ ವಂತಿಗೆ ಕಾಯ್ದೆಗೆ ತಿದ್ದುಪಡಿ ಬಂತು. ಹೊರಗಿನಿಂದ ಬಂದ ಹಣವನ್ನು ಒಂದು ಸಂಸ್ಥೆ ಇನ್ನೊಂದಕ್ಕೆ ದಾಟಿಸುವಂತಿಲ್ಲ, ಆಡಳಿತದ ಖರ್ಚು 20 ಶೇಕಡ ಮೀರುವಂತಿಲ್ಲ. ದೊಡ್ಡ ಸಂಸ್ಥೆಗಳ ಮೂಲಕ ಹಣ ಪಡೆಯುತ್ತಿದ್ದ ನಮ್ಮಂಥ ಸಣ್ಣ ಯೋಜನೆಗಳು ನಿಂತವು. ಲೆಕ್ಕ ಕೇಳುವುದು ಸರಿ. ಆದರೆ ಆ ಲೆಕ್ಕದಲ್ಲಿ ಹಳ್ಳಿಯಲ್ಲಿ ಓಡಾಡುವ ಮನುಷ್ಯರು ಕಳೆದುಹೋಗಬಾರದಿತ್ತು. ಸಂಘ ಕಟ್ಟುವುದು ಸಿಮೆಂಟ್ ಕೆಲಸ ಅಲ್ಲವಲ್ಲ, ಅದಕ್ಕೆ ವಾರವಾರ ಹೋಗಿ ಕೂರುವ ಜನ ಬೇಕು.

ಸಂಘಗಳು ಮಾತ್ರ ನಿಲ್ಲಲಿಲ್ಲ. ಸ್ವಸಹಾಯ ಸಂಘಗಳಿಗೆ ಬ್ಯಾಂಕ್ ಸಾಲ ಕೊಡಿಸುವ ನಬಾರ್ಡ್ (ರಾಷ್ಟ್ರೀಯ ಕೃಷಿ ಮತ್ತು ಗ್ರಾಮೀಣಾಭಿವೃದ್ಧಿ ಬ್ಯಾಂಕ್) ಕಾರ್ಯಕ್ರಮ 1992ರಿಂದಲೇ ಇದೆ. ನಮ್ಮ ಹೆಂಗಸರಿಗೆ ಪಾಸ್‌ಬುಕ್ ತಮ್ಮ ಹೆಸರಲ್ಲೇ ಇತ್ತು. ಪೆಟ್ಟಿಗೆ ಒಬ್ಬರ ಮನೆಯಲ್ಲಿ, ಬೀಗದ ಕೈ ಇನ್ನೊಬ್ಬರ ಮನೆಯಲ್ಲಿ. ಮಾತು ತೆಲುಗಿನಲ್ಲಿ, ನಡಾವಳಿ ಪುಸ್ತಕ ಕನ್ನಡದಲ್ಲಿ.

ಹೋದ ವರ್ಷ ಆ ಕಡೆ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಸಂಘದ ದಿನವೆಂದು ಗೊತ್ತಾಗಿ ಸಂಜೆ ಅಲ್ಲಿಗೂ ಹೋದೆ. ಚಾಪೆ ಹಾಸಿದ್ದರು, ಹಾಜರಿ ಕೂಗುತ್ತಿದ್ದರು. ನನ್ನನ್ನು ಕಂಡು ಎಲ್ಲರೂ ಎದ್ದರು, ಕೈ ಹಿಡಿದರು, ಕಾಫಿ ಕೊಟ್ಟರು. ಸ್ವಲ್ಪ ಹೊತ್ತಾದ ಮೇಲೆ ಪುಸ್ತಕ ಬರೆಯುತ್ತಿದ್ದ ಹುಡುಗಿ, ಅವಳ ತಾಯಿಗೆ ಸಹಿ ಹಾಕಲು ಕಲಿಸಿದ್ದೆ ನಾನು, ತಲೆ ಎತ್ತಿದಳು.

‘ಅಕ್ಕಾ, ಬೇಜಾರು ಮಾಡ್ಕೋಬೇಡಿ. ಸಾಲದ ಮಾತು ಆಡ್ಬೇಕು. ಹೊರಗಿನವರು ಇರೋ ಹಂಗಿಲ್ಲ ಅಂತ ನಾವೇ ನಿಯಮ ಮಾಡ್ಕೊಂಡಿದೀವಿ.’

ನಾನು ಲೋಟ ಹಿಡಿದುಕೊಂಡು ಎದ್ದು ಹೊರಗೆ ಜಗಲಿ ಮೇಲೆ ಕೂತೆ. ಬಾಗಿಲು ಹಾಕಿಕೊಂಡರು. ಒಳಗೆ ಯಾರೋ ಜೋರಾಗಿ ಬಡ್ಡಿ ಲೆಕ್ಕ ಕೇಳುತ್ತಿದ್ದರು. ಅಷ್ಟು ಸಂತೋಷ ನನಗೆ ಆ ಹನ್ನೆರಡು ವರ್ಷದಲ್ಲಿ ಒಂದು ದಿನವೂ ಆಗಿರಲಿಲ್ಲ.